ಸೀರಿಯಲ್ ಹಾಡು ಅಂತ ಮೂಗು ಮುರಿಯುವ ಮುನ್ನ...

ಬ್ಲಾಗಿನ ಕಡೆ ತಲೆ ಹಾಕದೆ ಹತ್ತಿರ ಹತ್ತಿರ ಎರಡು ತಿಂಗಳಾಯಿತು. ರಿಲೀಸು, ಬಗ್ಗು, ರಾತ್ರಿ ಹನ್ನೊಂದು ಗಂಟೆಯ ಕಾನ್ಫರೆನ್ಸ್ ಕಾಲು... ನೆಪಗಳೆಲ್ಲ ನಿಮಗೆ ಗೊತ್ತಿರುವುದೇ. ಇವತ್ತು ಬರೆಯೋಕೆ ಕೂರಿಸಿದ್ದು ಮಾತ್ರ ಸಿಟ್ಟು.

ಹೋದ ಭಾನುವಾರ ನೆಂಟರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ನಿವೃತ್ತ ಕನ್ನಡ ಮೇಷ್ಟ್ರು. ತುಂಬಾ ಓದಿಕೊಂಡವರು, ನನಗೆ ಅವರ ಮೇಲೆ ನಿಜವಾಗಲೂ ಗೌರವ ಇದೆ. ಒಳಗೆ ಟಿವಿಯಲ್ಲಿ ಯಾವುದೋ ಸೀರಿಯಲ್ಲಿನ ಟೈಟಲ್ ಸಾಂಗು ಶುರುವಾಯಿತು. ಮೇಷ್ಟ್ರು ಮುಖ ಕಿವಿಚಿದರು. "ನೋಡಪ್ಪಾ, ಭಾಷೆ ಕೆಡೋದು ಇಲ್ಲಿಂದಲೇ. ಭಾಷೆ ಉಳಿಯೋದು ಗಟ್ಟಿ ಸಾಹಿತ್ಯದಿಂದ, ಇಲ್ಲಾ ಸರ್ಕಾರದ ಕಾನೂನಿನಿಂದ. ಟ್ಯೂನಿಗೆ ಪದ ತುಂಬೋರಿಂದ ಅಲ್ಲ."

ಬಾಯಲ್ಲಿ ಹೋಳಿಗೆ ಇತ್ತು, ಅವರು ಹಿರಿಯರು ಬೇರೆ. ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಬೇಕಾಗಿಲ್ಲವಲ್ಲ :)

ತಮಾಷೆ ಏನು ಗೊತ್ತಾ? ಮೇಷ್ಟ್ರು ಬೈಗುಳದ ಹಾಗೆ ಬಳಸಿದ "ಪದ ತುಂಬೋದು" ಅನ್ನುವ ಮಾತು ಹಾಂಗ್‌ಕಾಂಗಿನಲ್ಲಿ ಒಂದು ಕಸುಬಿನ ಹೆಸರು. ಚೀನೀ ಭಾಷೆಯಲ್ಲಿ ಸಿದ್ಧವಾದ ರಾಗಕ್ಕೆ ಹಾಡು ಬರೆಯುವ ಕೆಲಸವನ್ನು ಅಕ್ಷರಶಃ "ಪದ ತುಂಬುವುದು" ಎಂದೇ ಕರೆಯುತ್ತಾರೆ. ಆ ಕೆಲಸ ಮಾಡಿ ಒಂದು ಭಾಷೆಗೆ ಮರ್ಯಾದೆ ತಂದುಕೊಟ್ಟವರಲ್ಲಿ ಮುಖ್ಯನಾದವನ ಕಥೆಯನ್ನು ಇವತ್ತು ಹೇಳುತ್ತೇನೆ. ಹೆಸರು ಜೇಮ್ಸ್ ವಾಂಗ್, ಅವರ ಭಾಷೆಯಲ್ಲಿ ವಾಂಗ್ ಜಿಮ್. (ಹಾಲಿವುಡ್ಡಿನಲ್ಲಿ ದೆವ್ವದ ಸಿನಿಮಾ ಮಾಡುವ ಜೇಮ್ಸ್ ವಾನ್ ಬೇರೆ. ದಯವಿಟ್ಟು ಗೊಂದಲ ಬೇಡ!) ನನಗೆ ಈತನ ಪರಿಚಯ ಮಾಡಿಸಿದ್ದು ನಮ್ಮ ಹಾಂಗ್‌ಕಾಂಗ್ ಟೀಮಿನ ಸಹೋದ್ಯೋಗಿ. ಬಿಲ್ಡ್ ಮುಗಿಯುವ ತನಕ ಕಾಲಿನಲ್ಲಿ ಏನೋ ಗುನುಗುತ್ತಿದ್ದ, ಏನದು ಅಂತ ಕೇಳಿದೆ. ಅವತ್ತಿನಿಂದ ಯೂಟ್ಯೂಬಿನಲ್ಲಿ ಬಿದ್ದವನು ಇನ್ನೂ ಎದ್ದಿಲ್ಲ.

ಮೊದಲು ಹಿನ್ನೆಲೆ. ಹಾಂಗ್‌ಕಾಂಗಿನ ಬಹುಪಾಲು ಜನರ ಮನೆಮಾತು ಕ್ಯಾಂಟನೀಸ್. ಆದರೆ 1960ರ ದಶಕದಲ್ಲಿ ಅಲ್ಲಿ ಓದಿದ ಹುಡುಗರು ಕೇಳುತ್ತಿದ್ದದ್ದು ಇಂಗ್ಲಿಷ್ ಪಾಪ್ ಮತ್ತು ಮ್ಯಾಂಡರಿನ್ ಹಾಡು. ಕ್ಯಾಂಟನೀಸ್ ಹಾಡು ಅಂದರೆ ಮನೆಗೆಲಸದವರು, ಕೂಲಿಯವರು ಕೇಳುವಂಥದ್ದು ಅನ್ನುವ ಭಾವನೆ. ಮನೆಯಲ್ಲಿ ಮಾತಾಡೋದು, ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡೋದು, ಜಗಳ ಆಡೋದು ಎಲ್ಲ ಕ್ಯಾಂಟನೀಸಿನಲ್ಲೇ. ಪ್ರೀತಿ ಬಂದರೆ ಮಾತ್ರ ಬೇರೆ ಭಾಷೆಯಲ್ಲಿ ಹಾಡಬೇಕು! ಸಿನಿಮಾದ ಪಾಡು ಇನ್ನೂ ಕೆಟ್ಟದ್ದು. ವರ್ಷಕ್ಕೆ ನೂರಾರು ಕ್ಯಾಂಟನೀಸ್ ಚಿತ್ರ ತೆಗೆಯುತ್ತಿದ್ದ ಊರಿನಲ್ಲಿ 1972ರ ಹೊತ್ತಿಗೆ ಆ ಭಾಷೆಯ ಸಿನಿಮಾ ಪೂರ್ತಿ ನಿಂತೇ ಹೋಗಿತ್ತು. ಎಲ್ಲ ಮ್ಯಾಂಡರಿನ್ ಮಯ.

ಈಗ ಮೇಷ್ಟ್ರ ಎರಡನೇ ಅಸ್ತ್ರಕ್ಕೆ ಬರೋಣ, ಅಂದರೆ ಕಾನೂನಿಗೆ. ಅದೂ ಬಂತು. ಅಲ್ಲಿಯವರೆಗೆ ಬ್ರಿಟಿಷ್ ಹಾಂಗ್‌ಕಾಂಗಿನಲ್ಲಿ ಇಂಗ್ಲಿಷ್ ಒಂದೇ ಆಡಳಿತ ಭಾಷೆ. ವಿದ್ಯಾರ್ಥಿಗಳು ಚಳವಳಿ ಮಾಡಿ, 1974ರಲ್ಲಿ ಅಧಿಕೃತ ಭಾಷೆಗಳ ಕಾನೂನು ಬಂದು, ಚೀನೀ ಭಾಷೆಗೂ ಸ್ಥಾನ ಸಿಕ್ಕಿತು. ದೊಡ್ಡ ಗೆಲುವು, ಅಲ್ಲಗಳೆಯಲ್ಲ. ಆದರೆ ಕಾನೂನಿನಲ್ಲಿ ಇದ್ದದ್ದು "ಚೀನೀ" ಎಂಬ ಮಾತು ಮಾತ್ರ. ಯಾವ ಚೀನೀ? ಕ್ಯಾಂಟನೀಸಾ, ಮ್ಯಾಂಡರಿನ್ನಾ? ಅದು ಹೇಳಲಿಲ್ಲ.

ಅದನ್ನು ಹೇಳಿದ್ದು ಯಾರು ಅಂದರೆ ಸಿನಿಮಾದವರು, ಟಿವಿಯವರು. 1973ರಲ್ಲಿ ಒಂದು ವಠಾರದ ಬಾಡಿಗೆದಾರರ ಕಥೆಯಿರುವ 'ದಿ ಹೌಸ್ ಆಫ್ 72 ಟೆನೆಂಟ್ಸ್' ಕ್ಯಾಂಟನೀಸಿನಲ್ಲಿ ಬಂದು ಆ ವರ್ಷದ ಗಳಿಕೆಯಲ್ಲಿ ಬ್ರೂಸ್ ಲೀಯ 'ಎಂಟರ್ ದಿ ಡ್ರ್ಯಾಗನ್'ಅನ್ನೂ ಹಿಂದೆ ಹಾಕಿತು. 1974ರಲ್ಲಿ, ಆ ಕಾನೂನು ಬಂದ ವರ್ಷದಲ್ಲೇ, ಇಂಗ್ಲಿಷ್ ರಾಕ್ ಹಾಡುತ್ತಿದ್ದ ಸ್ಯಾಮ್ ಹುಯ್ 'ಗೇಮ್ಸ್ ಗ್ಯಾಂಬ್ಲರ್ಸ್ ಪ್ಲೇ' ಸಿನಿಮಾಕ್ಕೆ ಬೀದಿಯ ಕ್ಯಾಂಟನೀಸಿನಲ್ಲಿ ಹಾಡಿದ. ಅದೇ ವರ್ಷ ಟಿವಿಬಿ ಚಾನೆಲ್ಲಿನ ಒಂದು ಸೀರಿಯಲ್ಲಿನ ಶೀರ್ಷಿಕೆ ಗೀತೆ ಕ್ಯಾಂಟನೀಸಿನಲ್ಲಿ ಬಂದು ಮನೆಮಾತಾಯಿತು. ಹೌದು ಮೇಷ್ಟ್ರೇ, ಸೀರಿಯಲ್ ಟೈಟಲ್ ಸಾಂಗೇ!

ವಾಂಗ್ ಬಂದದ್ದು ಈ ತೆರೆದ ಬಾಗಿಲಿನಿಂದ. ಹುಟ್ಟಿದ್ದು 1941ರಲ್ಲಿ, ಚೀನಾದ ಗ್ವಾಂಗ್‌ಝೌನಲ್ಲಿ. 1949ರಲ್ಲಿ ಕುಟುಂಬ ಹಾಂಗ್‌ಕಾಂಗಿಗೆ ವಲಸೆ. ಹುಡುಗನಾಗಿದ್ದಾಗಲೇ ಮೌತ್ ಆರ್ಗನ್ ಹುಚ್ಚು, ಅದನ್ನೇ ಹಿಡಿದು ಸ್ಟುಡಿಯೋಗಳ ರೆಕಾರ್ಡಿಂಗಿನಲ್ಲೂ ನುಡಿಸಿದ. ಆಮೇಲೆ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿ ಚೀನೀ ಸಾಹಿತ್ಯ ಓದಿ 1963ರಲ್ಲಿ ಪದವಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಹಳಗಾವ್ಯ ಓದಿದವನು ಈತ.

ಓದಿ ಏನು ಮಾಡಿದ? ಮೇಷ್ಟ್ರು ತಲೆ ಚಚ್ಚಿಕೊಳ್ಳುವಂಥ ಎಲ್ಲ ಕೆಲಸವನ್ನೂ ಮಾಡಿದ. ಜಾಹೀರಾತು ಕಂಪನಿ ಸೇರಿದ. ಒಂದು ಫ್ರೆಂಚ್ ಕೊನ್ಯಾಕಿಗೆ ಆತ ಬರೆದ ಪ್ರಾಸಬದ್ಧ ಒಂದು ಸಾಲು ಹಾಂಗ್‌ಕಾಂಗಿನಲ್ಲಿ ಗಾದೆಯ ಹಾಗೆ ಓಡಾಡಿತು. ಪೇಪರಿಗೆ ಅಂಕಣ ಬರೆದ. ಸಿನಿಮಾಗಳಲ್ಲಿ ನಟಿಸಿದ. ಪೋಲಿ ಜೋಕುಗಳ ಪುಸ್ತಕ ಮಾಡಿದ, ಅದು ಮುದ್ರಣದ ಮೇಲೆ ಮುದ್ರಣ ಕಂಡಿತು. 1989ರಲ್ಲಿ ಕಾದಂಬರಿಕಾರ ನಿ ಕುವಾಂಗ್, ಅಂಕಣಕಾರ ಚುವಾ ಲಾಮ್ ಜೊತೆ ಕೂತು, ಕೈಯಲ್ಲಿ ಗ್ಲಾಸು ಸಿಗರೇಟು ಹಿಡಿದು, ಟಿವಿಯಲ್ಲಿ ತಡರಾತ್ರಿ ಹರಟೆ ಕಾರ್ಯಕ್ರಮ ನಡೆಸಿದ. ಊರೆಲ್ಲ 'ಅಂಕಲ್ ಜಿಮ್' ಅಂತಿತ್ತು.

ಸಿನಿಮಾ ನಿರ್ದೇಶನವನ್ನೂ ಮಾಡಿದ. 1975ರ 'ಲೆಟ್ಸ್ ರಾಕ್' ಈತನದ್ದು. ಅದರ ನಾಯಕರು 'ದಿ ವಿನ್ನರ್ಸ್' ಅನ್ನುವ ಹುಡುಗರ ಬ್ಯಾಂಡು. ಇಂಗ್ಲಿಷ್ ಹಾಡುಗಳಿಂದ ಹೆಸರು ಮಾಡಿದ್ದ ಹುಡುಗರನ್ನು ಕರೆದುಕೊಂಡು ಬಂದು, ಅವರ ಬಾಯಲ್ಲಿ ಕ್ಯಾಂಟನೀಸ್ ಹಾಡಿಸಿದ. ನನಗೆ ಇದು ಯಾವ ಭಾಷಾ ಚಳವಳಿಗೂ ಕಡಿಮೆ ಅನ್ನಿಸಲ್ಲ. ಇಂಗ್ಲಿಷ್ ಹಾಡುವ ಹುಡುಗರ ಹಿಂದೆ ಹೋದ ಅಭಿಮಾನಿಗಳಿಗೆ "ನಿಮ್ಮ ಭಾಷೆ ಮರೆತಿರಿ" ಅಂತ ಬಯ್ಯಲಿಲ್ಲ. ಅದೇ ಹುಡುಗರನ್ನು, ಅದೇ ಗಿಟಾರನ್ನು, ಅದೇ ಉದ್ದ ಕೂದಲನ್ನು ತಮ್ಮ ಭಾಷೆಯೊಳಗೆ ತಂದು ಕೂರಿಸಿದ.

"ಪದ ತುಂಬೋದೇನು ಮಹಾ" ಅನ್ನುವವರಿಗೆ ಈಗ ಸ್ವಲ್ಪ ಟೆಕ್ನಿಕಲ್ ವಿಷಯ. (ಎಂಜಿನಿಯರ್ ಬ್ಲಾಗು, ಸಹಿಸಿಕೊಳ್ಳಿ!)

ಕ್ಯಾಂಟನೀಸಿನಲ್ಲಿ ಆರು ಸ್ಥಾಯಿಗಳಿವೆ. 'ಸೀ' ಎಂಬ ಒಂದೇ ಉಚ್ಚಾರಣೆಯನ್ನು ಎತ್ತರದ ದನಿಯಲ್ಲಿ ಹೇಳಿದರೆ ಕವಿತೆ, ಮೇಲಕ್ಕೆ ಏರಿಸಿದರೆ ಇತಿಹಾಸ, ನಡುವಿನ ದನಿಯಲ್ಲಿ 'ಪ್ರಯತ್ನಿಸು', ತೀರಾ ಕೆಳಗಿಳಿಸಿದರೆ ಸಮಯ, ಕೆಳಗಿನಿಂದ ಚೂರು ಏರಿಸಿದರೆ ಮಾರುಕಟ್ಟೆ, ಕೆಳದನಿಯಲ್ಲೇ ಸಮನಾಗಿ ಹಿಡಿದರೆ 'ಸಂಗತಿ'. ಅಂದರೆ ಅರ್ಥ ಇರುವುದೇ ದನಿಯ ಏರಿಳಿತದಲ್ಲಿ. ಈಗ ಹಾಡಿಗೆ ಬನ್ನಿ. ಸಂಗೀತ ನಿರ್ದೇಶಕ ಮೊದಲೇ ರಾಗ ಹಾಕಿ ಕೊಟ್ಟಿದ್ದಾನೆ, ಅದಕ್ಕೆ ಅದರದ್ದೇ ಏರಿಳಿತ ಇದೆ. ರಾಗ ಇಳಿಯುವ ಕಡೆ ಮಾತೂ ಇಳಿಯಬೇಕು, ಏರುವ ಕಡೆ ಮಾತೂ ಏರಬೇಕು. ತಪ್ಪಿದರೆ ಕೇಳುವವನಿಗೆ ಬೇರೆಯೇ ಪದ ಕೇಳಿಸುತ್ತದೆ. ಬೇರೆಡೆಯಿಂದ ಬಂದ ರಾಗಗಳಿಗೆ ಅಜಾಗರೂಕತೆಯಿಂದ ಪದ ಹಾಕಿ, ಚರ್ಚಿನ ಹಾಡಿನಲ್ಲಿ 'ಪ್ರಭು' ಅನ್ನುವುದು 'ಹಂದಿ' ಅಂತ ಕೇಳಿಸುವ ತಮಾಷೆಯನ್ನು ಅಲ್ಲಿಯವರೇ ಹೇಳಿಕೊಂಡು ನಗುತ್ತಾರೆ. ಮ್ಯಾಂಡರಿನ್ನಿಗೂ ಸ್ಥಾಯಿಗಳಿವೆ, ಆದರೆ ಹಾಡುವಾಗ ಅವನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ, ಸಂದರ್ಭದಿಂದ ಅರ್ಥ ಆಗುತ್ತದೆ. ಕ್ಯಾಂಟನೀಸ್ ಕಿವಿ ಆ ರಿಯಾಯಿತಿ ಕೊಡುವುದಿಲ್ಲ.

ನಮ್ಮಲ್ಲಿ ಸ್ಥಾಯಿ ಇಲ್ಲ, ಹ್ರಸ್ವ-ದೀರ್ಘ ಇದೆ. ಟ್ಯೂನು ಒಂದು ಮಾತ್ರೆ ಎಳೆದರೆ ಹುಡುಗಿಯ ಕೈಯಲ್ಲಿದ್ದ 'ಬಳೆ' ತೋಟದ 'ಬಾಳೆ' ಆಗಿಬಿಡುತ್ತದೆ :) ಕನ್ನಡದಲ್ಲಿ ಟ್ಯೂನಿಗೆ ಬರೆಯುವವರಿಗೆ ಈ ಕಷ್ಟ ಗೊತ್ತು. ಅದನ್ನು ಆರು ಪಟ್ಟು ಮಾಡಿ ಊಹಿಸಿಕೊಳ್ಳಿ. ಇಷ್ಟು ಕಟ್ಟುಪಾಡಿನೊಳಗೆ, ನಾಳೆ ಬೆಳಗ್ಗೆ ರೆಕಾರ್ಡಿಂಗ್ ಅನ್ನುವ ಡೆಡ್‌ಲೈನಿನಲ್ಲಿ, ವಾಂಗ್ ಬರೆದ ಹಾಡುಗಳು ಸಾವಿರ ದಾಟುತ್ತವೆ. ಷಟ್ಪದಿಯ ಮಾತ್ರೆ ಎಣಿಸುವವರಿಗೆ ಕೈ ಮುಗಿಯುವ ನಾವು ಈ ಲೆಕ್ಕಕ್ಕೆ ಯಾಕೆ ಮೂಗು ಮುರಿಯಬೇಕು? ಹೇಳಿ ನೋಡೋಣ.

ಟಿವಿಬಿ ಸೀರಿಯಲ್ಲುಗಳಿಗೆ ಸಂಗೀತ ನಿರ್ದೇಶಕ ಜೋಸೆಫ್ ಕೂ ರಾಗ, ವಾಂಗ್ ಪದ. ಈ ಜೋಡಿಯ 1980ರ 'ದಿ ಬಂಡ್' ಶೀರ್ಷಿಕೆ ಗೀತೆಯನ್ನು ಹಾಡಿದ್ದು ಫ್ರಾನ್ಸಸ್ ಯಿಪ್. ಶಾಂಘೈ ನದೀದಂಡೆಯ ಕಥೆ, ಹಾಡಿನ ತುಂಬ ಭೋರ್ಗರೆಯುವ ಅಲೆಗಳು. ಆ ನದಿಯಲ್ಲಿ ಅಷ್ಟು ದೊಡ್ಡ ಅಲೆ ಏಳುವುದೇ ಇಲ್ಲ ಅಂತ ಆಮೇಲೆ ಜನ ಈತನ ಕಾಲೆಳೆದರು. ಎಳೆಯಲಿ ಬಿಡಿ. ಆ ಸೀರಿಯಲ್ 1980ರ ದಶಕದಲ್ಲಿ ಚೀನಾದ ಮುಖ್ಯಭೂಮಿಯಲ್ಲೂ ಪ್ರಸಾರವಾಗಿ, ಕ್ಯಾಂಟನೀಸ್ ಒಂದಕ್ಷರ ಬಾರದವರೂ ಆ ಹಾಡನ್ನು ಕ್ಯಾಂಟನೀಸಿನಲ್ಲೇ ಗುನುಗಿದರು. ಒಂದು ಪ್ರಾಂತ್ಯದ ಆಡುಭಾಷೆಯನ್ನು ರಾಷ್ಟ್ರಭಾಷೆಯವರು ಇಷ್ಟಪಟ್ಟು ತಪ್ಪು ತಪ್ಪಾಗಿ ಹಾಡುವುದು! ಈ ಸುಖ ಯಾವ ಸುತ್ತೋಲೆಯಿಂದ ಬಂದೀತು?

ಇನ್ನೊಂದು ಹಾಡಿನ ಕಥೆ ಹೇಳದೆ ಬಿಡಲಾರೆ. 1990ರ 'ಸ್ವೋರ್ಡ್ಸ್‌ಮನ್' ಸಿನಿಮಾ. ಈತ ಮಾಡಿ ಕಳಿಸಿದ ರಾಗಗಳನ್ನು ನಿರ್ಮಾಪಕ ತ್ಸುಯ್ ಹಾರ್ಕ್ ಆರು ಸಲ ವಾಪಸು ಕಳಿಸಿದನಂತೆ. (ಆರು ಸಲ ಕೋಡ್ ರಿವ್ಯೂನಲ್ಲಿ ರಿಜೆಕ್ಟ್! ನಾನಾಗಿದ್ದರೆ ಪೇಪರು ಹಾಕಿ ಊರಿಗೆ ಹೋಗಿರುತ್ತಿದ್ದೆ.) ಕೊನೆಗೆ ಈತ ಹಳೆಯ ಸಂಗೀತ ಗ್ರಂಥ ತೆರೆದ. ದೊಡ್ಡ ಸಂಗೀತ ಸುಲಭವಾಗಿಯೇ ಇರಬೇಕು ಎಂಬರ್ಥದ ಮಾತು ಅಲ್ಲಿ ಕಣ್ಣಿಗೆ ಬಿತ್ತು. ಚೀನೀ ಸಂಗೀತದ ಮೂಲ ಐದು ಸ್ವರಗಳನ್ನು ತೆಗೆದುಕೊಂಡು, ಮೇಲಿನಿಂದ ಕೆಳಕ್ಕೆ ಸುಮ್ಮನೆ ಇಳಿಸಿದ. ಹಾಡು ಸಿದ್ಧ! ನಮ್ಮ ಲೆಕ್ಕದಲ್ಲಿ ಅದು ದ ಪ ಗ ರಿ ಸ, ಅಂದರೆ ಮೋಹನ ರಾಗದ ಸ್ವರಗಳು. 'ವರವೀಣಾ' ಗೀತೆ ಕಲಿತ ಯಾವ ಮಗುವೂ ಮೊದಲ ಸಾಲು ನುಡಿಸಬಹುದು. ಅದನ್ನು ಕ್ಯಾಂಟನೀಸಿನಲ್ಲಿ ಹಾಡಿದ್ದು ಅದೇ ಸ್ಯಾಮ್ ಹುಯ್. ನೋಡಿ, ಗ್ರಂಥ ಓದಿದ ತಲೆ, ಮಾರುಕಟ್ಟೆಯ ಕೆಲಸ. ಎರಡರಲ್ಲಿ ಒಂದನ್ನು ಆರಿಸಿಕೋ ಅಂತ ಈತನಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಕೇಳುತ್ತಿರಲಿಲ್ಲ.

ಈಗ ನನ್ನ ವಾದದ ಮುಖ್ಯ ಸಾಕ್ಷಿ. ಹಾಂಗ್‌ಕಾಂಗಿನ ಸರ್ಕಾರಿ ಪ್ರಸಾರ ಸಂಸ್ಥೆಯ ಸೀರಿಯಲ್ 'ಬಿಲೋ ದಿ ಲಯನ್ ರಾಕ್'. ಲಯನ್ ರಾಕ್ ಅನ್ನುವುದು ಕೌಲೂನಿನ ನೆತ್ತಿಯ ಮೇಲಿರುವ ಬಂಡೆಬೆಟ್ಟ, ಅದರ ಬುಡದಲ್ಲಿ ಬಡವರ ವಸತಿಗಳು. 1979ರಲ್ಲಿ ಇದಕ್ಕೆ ಕೂ-ವಾಂಗ್ ಮಾಡಿದ ಶೀರ್ಷಿಕೆ ಗೀತೆಯನ್ನು ರೋಮನ್ ಟಾಮ್ ಹಾಡಿದ. ಒಂದೇ ದೋಣಿಯಲ್ಲಿ ಕೂತವರು ಜಗಳ ಬದಿಗಿಟ್ಟು ಜೊತೆಯಾಗಿ ಕಷ್ಟ ದಾಟೋಣ ಅನ್ನುವ ಧಾಟಿಯ ಹಾಡು. 2002ರಲ್ಲಿ ಹಣಕಾಸು ಕಾರ್ಯದರ್ಶಿ ಆಂಟನಿ ಲೆಂಗ್ ತನ್ನ ಬಜೆಟ್ ಭಾಷಣದಲ್ಲಿ ಈ ಹಾಡನ್ನು ತಂದ. ಅದೇ ವರ್ಷ ಚೀನಾದ ಪ್ರಧಾನಿ ಝೂ ರೋಂಗ್ಜಿ ಹಾಂಗ್‌ಕಾಂಗಿಗೆ ಬಂದಾಗ ಇದರ ಸಾಲುಗಳನ್ನು ಓದಿದರು. 2014ರ ಅಕ್ಟೋಬರಿನಲ್ಲಿ ನಿಜವಾದ ಮತದಾನದ ಹಕ್ಕು ಕೇಳುತ್ತಿದ್ದ ಹುಡುಗರು ಅದೇ ಬೆಟ್ಟ ಹತ್ತಿ ಭಾರೀ ಹಳದಿ ಬ್ಯಾನರ್ ಇಳಿಬಿಟ್ಟರು. "ಲಯನ್ ರಾಕ್ ಚೈತನ್ಯ" ಅಂದರೆ ತಾಳ್ಮೆಯಿಂದ ದುಡಿಯುವುದಾ, ಹಕ್ಕು ಕೇಳುವುದಾ ಅಂತ ವಾದಗಳೇ ಆದವು.

ಯೋಚನೆ ಮಾಡಿ. ಆಳುವವರು, ಆಳಿಸಿಕೊಳ್ಳುವವರು ಇಬ್ಬರೂ ತಮ್ಮ ಊರು ಅಂದರೆ ಏನು ಅಂತ ಜಗಳ ಆಡಲು ಬಳಸಿದ್ದು ಒಂದು ಸೀರಿಯಲ್ ಹಾಡಿನಿಂದ ಬೆಳೆದ ಮಾತನ್ನು. ಮಹಾಕಾವ್ಯದ ಕೆಲಸ ಇದೇ ಅಲ್ಲವಾ ಮೇಷ್ಟ್ರೇ?

ನನಗೆ ಎದುರುವಾದ ಗೊತ್ತು. "ಆತ ಬರೆದದ್ದು ಬಹುಪಾಲು ಗ್ರಾಂಥಿಕ ಚೀನೀಯಲ್ಲಿ, ಓದಿದ್ದು ಮಾತ್ರ ಕ್ಯಾಂಟನೀಸ್ ಉಚ್ಚಾರಣೆಯಲ್ಲಿ. ಆಡುಭಾಷೆ ಎಲ್ಲಿ ಬಂತು?" ನಿಜ. ಬೀದಿಮಾತಿಗೆ ಸ್ಯಾಮ್ ಹುಯ್ ಇದ್ದ, ವಾಂಗ್ ಹೆಚ್ಚಾಗಿ ಹಳಗಾವ್ಯದ ಗತ್ತಿನಲ್ಲೇ ಬರೆದ. ಆದರೆ ಅದೇ ನನ್ನ ಮಾತಿಗೂ ಬಲ. ಗಟ್ಟಿ ಸಾಹಿತ್ಯ ಬೇಡ ಅಂತ ನಾನೆಲ್ಲಿ ಹೇಳಿದೆ? ಗಟ್ಟಿ ಸಾಹಿತ್ಯ ಓದಿದವನು ಸೀರಿಯಲ್ಲಿಗೆ ಬರೆಯಲು ನಾಚಲಿಲ್ಲ, ಅದಕ್ಕೇ ಸೀರಿಯಲ್ ಹಾಡು ಗಟ್ಟಿಯಾಯಿತು. ಓದಿದವರೆಲ್ಲ ಮೂಗು ಮುರಿದುಕೊಂಡು ದೂರ ನಿಂತರೆ ಆ ಜಾಗಕ್ಕೆ ಓದದವರು ಬರುತ್ತಾರೆ. ಆಮೇಲೆ "ನೋಡಿ, ಹೇಳಲಿಲ್ಲವಾ, ಕೆಟ್ಟುಹೋಯಿತು" ಅನ್ನುವುದು ಎಲ್ಲಿಯ ನ್ಯಾಯ?

ಇನ್ನೊಂದು ಎದುರುವಾದ ಇದಕ್ಕಿಂತ ಗಟ್ಟಿ. "ಅಷ್ಟೆಲ್ಲ ಮಾಡಿಯೂ ಕ್ಯಾಂಟನೀಸ್ ಹಾಡು ಬಿತ್ತಲ್ಲ?" ಬಿತ್ತು. ಅದನ್ನು ಎಲ್ಲರಿಗಿಂತ ವಿವರವಾಗಿ ಹೇಳಿದವನೂ ವಾಂಗನೇ. ಅರವತ್ತು ದಾಟಿದ ಮೇಲೆ, ಶ್ವಾಸಕೋಶದ ಕ್ಯಾನ್ಸರಿನ ನಡುವೆ, ತಾನು ಓದಿದ ವಿಶ್ವವಿದ್ಯಾಲಯಕ್ಕೇ 2003ರಲ್ಲಿ ಪಿಎಚ್‌ಡಿ ಪ್ರಬಂಧ ಕೊಟ್ಟ. ವಿಷಯ: ಕ್ಯಾಂಟನೀಸ್ ಜನಪ್ರಿಯ ಗೀತೆಯ ಏಳುಬೀಳು, 1949ರಿಂದ 1997. ತಾನೇ ಕಟ್ಟಿದ ಮನೆ ಯಾಕೆ ಬಿರುಕು ಬಿಟ್ಟಿತು ಅಂತ ತಾನೇ ಅಳತೆಪಟ್ಟಿ ಹಿಡಿದು ಕೂತ. ತೊಂಬತ್ತರ ದಶಕದ ಹಾಂಗ್‌ಕಾಂಗ್ ಹಾಡುಗಳ ಕಥೆ ಎಲ್ಲರಿಗೂ ಗೊತ್ತಿರುವುದೇ: ಜಪಾನಿನಿಂದ ತಂದ ಟ್ಯೂನುಗಳು, ಹಾಡಿಗಿಂತ ಗಾಯಕನ ಮುಖಕ್ಕೇ ಬೆಲೆ, ನಕಲಿ ಸೀಡಿಗಳು, ದೊಡ್ಡ ಮ್ಯಾಂಡರಿನ್ ಮಾರುಕಟ್ಟೆಯ ಸೆಳೆತ. ಅಂದರೆ ಬಿದ್ದದ್ದು ಜನಪ್ರಿಯವಾಗಿದ್ದಕ್ಕಲ್ಲ. ಮಾರುಕಟ್ಟೆ ಬದಲಾಗುತ್ತಿದ್ದಾಗ ಕಸುಬಿನ ಮೇಲಿನ ಗಮನವೂ ತಪ್ಪಿತು.

ಮುಂದಿನ ವರ್ಷ, 2004ರ ನವೆಂಬರ್ 24ರಂದು, ಆತ ತೀರಿಕೊಂಡ. ಜೊತೆಗಾರ ಜೋಸೆಫ್ ಕೂ 2023ರಲ್ಲಿ ಹೋದರು.

ನನ್ನನ್ನು ಕಾಡುವುದು ಆ ಪ್ರಬಂಧ. ಸಾಯುವ ಮುಂಚೆ ಆತ ಇನ್ನಷ್ಟು ಹಾಡು ಬರೆಯಬಹುದಿತ್ತು, ಹರಟೆ ಹೊಡೆಯಬಹುದಿತ್ತು. ತನ್ನ ಕಸುಬಿನ ಚರಿತ್ರೆಯನ್ನು ತಾನೇ ಬರೆಯಲು ಕೂತ. ಇದು ಅಧ್ಯಯನಕ್ಕೆ ತಕ್ಕ ವಿಷಯ ಅಂತ ಪದವಿ ಪಡೆದು ತೋರಿಸಬೇಕಾಯಿತು.

ನಮ್ಮಲ್ಲೂ ಹಾಡು ಬರೆದು ಸಿನಿಮಾವನ್ನೂ ನಿರ್ದೇಶಿಸಿದವರಿದ್ದರು. ಹುಣಸೂರು ಕೃಷ್ಣಮೂರ್ತಿ ಇದ್ದರು, ಆರ್.ಎನ್. ಜಯಗೋಪಾಲ್ ಇದ್ದರು. ಲೆಕ್ಕವಿಲ್ಲದಷ್ಟು ಹಾಡು ಬರೆದ ಚಿ. ಉದಯಶಂಕರ್ ಇದ್ದರು. ಅವರ ಹಾಡು ನಮಗೆಲ್ಲ ಬಾಯಿಪಾಠ. ಆದರೆ ಟ್ಯೂನಿನ ಒಳಗೆ ಅವರು ಕನ್ನಡವನ್ನು ಹೇಗೆ ಕೂರಿಸಿದರು, ಎಲ್ಲಿ ಹ್ರಸ್ವ ಉಳಿಸಿದರು, ಎಲ್ಲಿ ಆಡುಮಾತು ತಂದರು ಅಂತ ನಮ್ಮ ಬ್ಲಾಗುಗಳಲ್ಲಿ ಎಷ್ಟು ಜನ ಬರೆದಿದ್ದೇವೆ? ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಈ ಬ್ಲಾಗಿನಲ್ಲಿ "ಕನ್ನಡ ಸಾಯುತ್ತಿದೆ" ಅಂತ ನಾಲ್ಕು ಸಲ ಬರೆದಿದ್ದೇನೆ, ಒಂದು ಹಾಡಿನ ಬಗ್ಗೆ ನೆಟ್ಟಗೆ ಒಂದು ಸಲ ಬರೆದಿಲ್ಲ. ನಾಚಿಕೆಯಾಯಿತು.

ಅದಕ್ಕೇ ಮುಂದಿನ ಪೋಸ್ಟು ಒಂದು ಕನ್ನಡ ಸಿನಿಮಾ ಹಾಡಿನ ಬಗ್ಗೆ. ಒಂದೇ ಹಾಡು, ಮಾತ್ರೆ ಎಣಿಸಿ ಬರೆಯುತ್ತೇನೆ. ನೀವೂ ಒಂದೊಂದು ಆರಿಸಿಕೊಳ್ಳಿ. ಸೀರಿಯಲ್ಲಿನದ್ದಾದರೂ ಸರಿ. ಹಾಡು ಹಂಚಿಕೊಳ್ಳುವಾಗ ಹೀರೋ ಹೆಸರಿನ ಜೊತೆ ಬರೆದವರ ಹೆಸರನ್ನೂ ಹಾಕಿ.

ಮೇಷ್ಟ್ರಿಗೆ ಈ ಪೋಸ್ಟನ್ನು ಪ್ರಿಂಟ್ ತೆಗೆದು ಕೊಟ್ಟು ಬರುತ್ತೇನೆ. ಬೈದರೆ ಬೈಯಲಿ, ನನ್ನ ಕಾಗುಣಿತ ತಿದ್ದಿಯಾದರೂ ಕೊಡುತ್ತಾರೆ :)

ನೀವೇನಂತೀರಾ?